ಕೊನೆಯ ಗೂಟ

ಅಪ್ಪಾ,

ಮೆಹಕರದಲ್ಲಿ ನೀನು ಕಟ್ಟಿದ್ದ ಮರದ ಚರ್ಚನ್ನು ನಿನ್ನೆ ಬಿಚ್ಚಿದರು. ಆ ಜಾಗದಲ್ಲಿ ಸಿಮೆಂಟಿನದು ಬರುತ್ತದಂತೆ. ಸುದ್ದಿ ಕೇಳಿ ಔರಾದದಿಂದ ಬಸ್ಸು ಹಿಡಿದು ಹೋದೆ. ನಿನ್ನ ಮಣ್ಣಿಗೂ ಬಾರದವಳು.

ಒಂದೂ ಮೊಳೆಯಿಲ್ಲದ ಕಟ್ಟಡ. ತೊಲೆಗಳನ್ನು ಹಿಡಿದಿದ್ದ ಮರದ ಗೂಟಗಳು ಕೊಡತಿಯ ಏಟಿಗೂ ಜಗ್ಗಲಿಲ್ಲ. ಆಳುಗಳು ನಿನ್ನನ್ನು ಬೈದಷ್ಟೂ ನನಗೆ ಹೆಮ್ಮೆ. ಆದರೆ ಶಿಲುಬೆಯ ಮೇಲಿನ ತೊಲೆಯ ಗೂಟ ಮುಟ್ಟಿದ್ದೇ ತಡ, ಕೈಗೆ ಬಂತು.

ಚರ್ಚಿನ ಕಸ ಗುಡಿಸುವ ಸುಂದರಬಾಯಿ ಹತ್ತಿರ ಬಂದರು.

"ಗಾಳಿ ಬಿಟ್ಟಾಗೆಲ್ಲ ಅದು ಟಕ್ ಟಕ್ ಅಂತಿತ್ತವ್ವಾ. ಪ್ರಾರ್ಥನಿಗಿ ಕುಂತವರು ಯಾರೋ ಬಂದ್ರು ಅಂತ ಬಾಗಿಲ ಕಡಿ ನೋಡ್ತಿದ್ರು. ಬಡದು ಕೂಡ್ಸಣ್ಣಾ ಅಂದ್ರ ನಿಮ್ಮಪ್ಪ ಕೇಳಲಿಲ್ಲ. ಕಡೀ ಗೂಟ ಯಾವಾಗಲೂ ನನ್ನ ಮಗಳೇ ಬಡಿಯಾಕಿ, ಬರ್ತಾಳ ಅಂದ."

ಹೌದು. ಬಾಗಿಲಿರಲಿ, ತೊಟ್ಟಿಲಿರಲಿ, ನಿನ್ನ ಕೆಲಸಕ್ಕೆಲ್ಲ ಕೊನೆಯ ಏಟು ನನ್ನ ಕೈಯದೇ ಆಗಿತ್ತು, ನಾನು ಮನೆ ಬಿಡುವ ತನಕ.

ಗೂಟವನ್ನು ಔರಾದಕ್ಕೆ ತಂದು ಮೇಜಿನ ಮೇಲಿಟ್ಟಿದ್ದೇನೆ. ತೊಲೆ ಅಲ್ಲೇ ಅಂಗಳದಲ್ಲಿ ಬಿದ್ದಿದೆ. ಇಲ್ಲಿ ಗಾಳಿಯೇ ಇಲ್ಲ. ಆದರೂ ಟಕ್ ಟಕ್ ಕೇಳಿಸುತ್ತದೆ, ನಾನು ಎದ್ದೆದ್ದು ಹೋಗಿ ಬಾಗಿಲು ತೆರೆಯುತ್ತೇನೆ.