ಗೆದ್ದಲಮ್ಮನಿಗೆ ಕೊಟ್ಟ ಬಿಡುವು

ಪತ್ರಿಕೆಯ ಕಚೇರಿ, ಮೂರನೇ ಮಹಡಿ
ಹತ್ತನೇ ತಾರೀಕು, ಬುಧವಾರ ಮಧ್ಯಾಹ್ನ

ಪ್ರೀತಿಯ ಗೆದ್ದಲಮ್ಮ,

ಹೇಗಿದ್ದೀಯೇ? ಸೊಂಟನೋವು ಕಡಿಮೆಯಾಯಿತೇ? ಮಗುವಿಗೆ ಹಲ್ಲು ಬರುತ್ತಿದೆಯಂತೆ, ನಿನ್ನನ್ನು ಕುಣಿಸಿಬಿಡುತ್ತಿದೆಯಂತೆ, ಅಮ್ಮ ಫೋನಿನಲ್ಲಿ ಹೇಳಿದಳು. ನಿನ್ನ ಸೂಕ್ಷ್ಮದರ್ಶಕವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೀಯೆಂದೂ ಹೇಳಿದಳು. ಒಳ್ಳೆಯದೇ, ಮಗುವಿನ ಕೈಗೆ ಸಿಗಬಾರದಲ್ಲ ಎಂದುಬಿಟ್ಟೆ. ನಿನ್ನ ಅಕ್ಕ ಅಷ್ಟು ಜಾಣೆ.

ನಮ್ಮ ಕೀಟವಿಜ್ಞಾನ ಪತ್ರಿಕೆಯ ಹೊಸ ಸಂಚಿಕೆ ಸೋಮವಾರ ಅಚ್ಚಾಗಿ ಬಂತು. ಈ ಸಂಪಾದಕರ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ನಾನು ಎಂಬ ಜಂಬವನ್ನು ಕೇಳಿ ಕೇಳಿ ನಿನ್ನ ಗಂಡನಿಗೆ ಬಾಯಿಪಾಠವಾಗಿದೆ. ಮಿಡತೆಗಳ ಹಿಂದೆ ಅರ್ಧ ಆಯುಷ್ಯ ಅಲೆದ ನಮ್ಮ ಮಿಡತೆ ಮೇಡಂ ಅವತ್ತೇ ಬಂದರು. ಕನ್ನಡಕ ಏರಿಸಿ, ಪರಿವಿಡಿಯ ಮೇಲೆ ಬೆರಳಾಡಿಸಿ, ಹೆಂಗಸರ ಹೆಸರು ಒಂದೂ ಕಾಣುತ್ತಿಲ್ಲವಲ್ಲ ಎಂದರು. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಲೇಖನ ಓದಿ ತೀರ್ಪು ಕೊಡುವ ಪರೀಕ್ಷಕರಿಗೆ ಲೇಖಕರ ಹೆಸರನ್ನೇ ತೋರಿಸುವುದಿಲ್ಲ, ಭೇದಭಾವ ಎಲ್ಲಿಂದ ಬರಬೇಕು, ಹೆಂಗಸರು ಕಳಿಸಿದರೆ ತಾನೇ ಹಾಕುವುದು ಎಂದು ಭಾಷಣ ಬಿಗಿದೆ. ಅವರು ಸಿಟ್ಟಾಗಲಿಲ್ಲ.

"ನಾನು ಕಳ್ಸಿದ್ನಲ್ಲಮ್ಮ. ಸ್ವಲ್ಪ ತಿದ್ದಬೇಕಿತ್ತು ಅಷ್ಟೇ. 'ಯಜಮಾನ್ರು ಹಾಸಿಗೆ ಹಿಡಿದಿದ್ದಾರೆ, ಅವರನ್ನ ನೋಡ್ಕೊಳ್ಳಿ, ಅವಸರ ಏನಿಲ್ಲ' ಅಂದ್ರಿ. ಆಮೇಲೆ ಒಂದು ಸಲಾನೂ ಕೇಳ್ಲಿಲ್ಲ. ಬೇಡ ಆಯ್ತೇನೋ ಅಂದ್ಕೊಂಡೆ."

ಅವರು ಹೋದಮೇಲೆ ಹಳೆಯ ಪತ್ರಗಳ ಕಡತ ತೆಗೆದು ನೋಡಿದೆ. ಗಂಡಸರು ತಡಮಾಡಿದರೆ ನಾನು ಬೆನ್ನು ಬಿಡುವವಳಲ್ಲ. ಮೊದಲ ಪುಟದಲ್ಲಿ ಮೆರೆಯುತ್ತಿರುವ ಜೇನುನೊಣದ ಮಹಾಶಯನಿಗೆ, ಅವನ ತಂದೆಯ ಆಪರೇಷನ್ ನಡೆಯುತ್ತಿದ್ದಾಗ, ಆಸ್ಪತ್ರೆಯ ವರಾಂಡದಲ್ಲೇ ಫೋನ್ ಮಾಡಿ ಕಾಡಿದ್ದೆ. ಬೈದುಕೊಂಡೇ ಕಳಿಸಿದ. ಹೆಂಗಸರ ಮನೆಯಲ್ಲಿ ಯಾರಾದರೂ ಸೀನಿದರೂ ಸಾಕು, ನಿಧಾನವಾಗಿ ಕಳಿಸಿ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದೆ. ಅದನ್ನು ಕರುಣೆ ಅಂದುಕೊಂಡಿದ್ದೆ ಕಣೇ. ಅವರ ಕೆಲಸ ಕಾಯಬಹುದು ಎಂದು ನನ್ನೊಳಗೇ ತೀರ್ಮಾನವಾಗಿಬಿಟ್ಟಿತ್ತು, ಯಾವ ಗಂಡಸೂ ಹೇಳಿಕೊಟ್ಟದ್ದಲ್ಲ. ಎಷ್ಟು ನಾಚಿಕೆಯಾಯಿತೆಂದರೆ ಮೇಡಂಗೆ ಫೋನ್ ಮಾಡಲು ಇವತ್ತು ಬೆಳಿಗ್ಗೆಯವರೆಗೂ ಧೈರ್ಯ ಬರಲಿಲ್ಲ. ಕ್ಷಮೆ ಕೇಳಿದೆ, ಲೇಖನವನ್ನೂ ಕೇಳಿದೆ.

ಆದರೆ ನಿನಗೆ ಯಾವ ಮುಖ ತೋರಿಸಲಿ? ನಿನ್ನ ಗೆದ್ದಲಿನ ಲೇಖನವನ್ನು, ಬರೆದವರು ಯಾರೆಂದು ತಿಳಿಯದ ಪರೀಕ್ಷಕರಿಬ್ಬರೂ ಮೆಚ್ಚಿದ್ದರು. ಒಂದು ಚಿತ್ರ ಬದಲಿಸಿದರೆ ಒಪ್ಪಿಗೆ ಎಂದಿದ್ದರು. ಮಗು ಮೊದಲು ದೊಡ್ಡದಾಗಲಿ ಬಿಡು ಎಂದವಳು ನಾನು. ಸರಿ ಅಕ್ಕ ಎಂದು ನೀನು ಸುಮ್ಮನಾದೆ. ಹೋದ ವಾರ ಸಂಶೋಧನಾ ಕೇಂದ್ರದ ಕೆಲಸದ ಮಾತು ಬಂದಾಗ, ಅರ್ಜಿ ಹಾಕಲ್ಲ, ನನ್ನದು ಅಂತ ಅಚ್ಚಾದದ್ದು ಏನಿದೆ ಎಂದು ನಕ್ಕೆಯಲ್ಲ, ನಾನೂ ನಿನ್ನ ಜೊತೆ ನಕ್ಕೆ. ಆ ನಗು ನೆನೆದರೆ ಈಗ ಊಟ ಸೇರುತ್ತಿಲ್ಲ.

ನಿನ್ನ ಗಂಡನನ್ನು ಕೇಳಿದೆನೆಂದು ಹೇಳು. ಮಗುವಿನ ಹೊಸ ಹಲ್ಲಿಗೆ ದೊಡ್ಡಮ್ಮನ ಮುತ್ತು.

ತಲೆತಗ್ಗಿಸಿಕೊಂಡು,
ನಿನ್ನ ಅಕ್ಕ

ತಾ.ಕ.: ಕೇಂದ್ರದವರನ್ನು ಈಗಷ್ಟೇ ಕೇಳಿದೆ. ಅಚ್ಚಾಗಿರಲೇಬೇಕೆಂದಿಲ್ಲ, ಲೇಖನ ಒಪ್ಪಿಗೆಯಾಗಿದ್ದರೆ ಸಾಕಂತೆ. ಅರ್ಜಿಗೆ ತಿಂಗಳ ಕೊನೆಯವರೆಗೆ ಸಮಯವಿದೆ. ಶನಿವಾರ ಬರುತ್ತೇನೆ, ಮಗುವನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಅಟ್ಟದಿಂದ ಸೂಕ್ಷ್ಮದರ್ಶಕ ಇಳಿಸು. ಚಿತ್ರ ಭಾನುವಾರದೊಳಗೆ ಬರದಿದ್ದರೆ ಸೋಮವಾರ ಬೆಳಿಗ್ಗೆಯಿಂದ ನನ್ನ ಫೋನ್ ಶುರು. ಬೈದುಕೊಂಡೇ ಕಳಿಸು.