ರೂತಮ್ಮ ಕೇಳಿದ ನಿಮ್ಮ ಹೆಸರು

ಗದಿಗೆವ್ವ ವೈನಿಯವರಿಗೆ ಅಮೆರಿಕದಿಂದ ದ್ರಾಕ್ಷಾಯಣಿಯ ಶರಣು.

ಬೆಟಗೇರಿ ಸೀರೆಗಳ ಪ್ರದರ್ಶನಕ್ಕೆ ಬಂದ ನಾನು ಇಳಿದುಕೊಂಡಿರುವ ಮನೆಯ ರೂತಮ್ಮ ಈ ದೇಶದ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳಲ್ಲಿ ಒಬ್ಬರು! ಇಲ್ಲಿ ಜನರ ಓಟಿನಿಂದ ನೇರವಾಗಿ ಯಾರೂ ಅಧ್ಯಕ್ಷರಾಗುವುದಿಲ್ಲ. ರಾಜ್ಯ ದೊಡ್ಡದಿದ್ದಷ್ಟೂ ಅದಕ್ಕೆ ಪ್ರತಿನಿಧಿಗಳು ಹೆಚ್ಚು. ರಾಜ್ಯದಲ್ಲಿ ಒಂದೇ ಓಟು ಮುಂದಿದ್ದರೂ ಸಾಕು, ಹೆಚ್ಚಿನ ಕಡೆ ಅಷ್ಟೂ ಪ್ರತಿನಿಧಿಗಳು ಗೆದ್ದ ಪಕ್ಷದವರೇ. ಆಮೇಲೆ, ತಮ್ಮ ಪಕ್ಷದ ಅಭ್ಯರ್ಥಿಗೇ ಓಟು ಎಂದು ಮಾತು ಕೊಟ್ಟಿರುವ ಆ ಪ್ರತಿನಿಧಿಗಳು ಓಟು ಹಾಕಿ ಅಧ್ಯಕ್ಷರನ್ನು ಆರಿಸುತ್ತಾರೆ.

"ನಮ್ಮ ಪಂಚಾಯ್ತಿಯಾಗೂ ಮೆಂಬರೇ ಅಧ್ಯಕ್ಷರನ್ನ ಆರಿಸ್ತಾರ್ರಿ" ಎಂದೆ. ಆ ಮೆಂಬರು ಜನರಿಗೆ ಕೊಟ್ಟ ಮಾತು ತಪ್ಪಿದರೆ ಎಂದು ಅವರು ಕೇಳಿದರು. ಅಧ್ಯಕ್ಷಗಿರಿಗೆ ನಿಂತವರು ನಿಮ್ಮ ಓಟಿನ ಆಸೆಗೆ ಗೋವಾ ಪ್ರವಾಸಕ್ಕೆಂದು ನಮ್ಮ ಮನೆ ಮುಂದೆ ಗಾಡಿ ತಂದು ನಿಲ್ಲಿಸಿದಾಗ, ಮೆಂಬರಾದ ನೀವು "ವಾರ್ಡಿನ ಮಂದಿಗೆ ಮಾತು ಕೊಟ್ಟೇನಿ, ಗಾಡಿ ಹೊಳ್ಳಿಸ್ರಿ" ಎಂದು ಗದರಿದ್ದನ್ನು ಎದೆಯುಬ್ಬಿಸಿ ಹೇಳಿದೆ.

ಚಳಿಗೆ ಮೊಣಕಾಲು ಹಿಡಿದಿದೆ. ನೀವು ಕಟ್ಟಿಕೊಟ್ಟ ಖಡಕ್ ರೊಟ್ಟಿ ಇನ್ನೂ ಇವೆ, ಅಣ್ಣನಿಗೆ ಚಿಂತೆ ಬೇಡ.

ಇಂದು ಬೆಳಿಗ್ಗೆ ಓಟು ಹಾಕಲು ಹೊರಟ ರೂತಮ್ಮ ಬಾಗಿಲಲ್ಲಿ ನಿಂತು ನಿಮ್ಮ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡರು. "ಗದಿಗೆವ್ವ, ಗದಿಗೆವ್ವ" ಎನ್ನುತ್ತಲೇ ಮೆಟ್ಟಿಲಿಳಿದು ಹೋದರು.

ದ್ರಾಕ್ಷಾಯಣಿ