ಚಿಟಿಕೆ ಸತ್ತ ಸೋಮವಾರ

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕ,

ನಿಮ್ಮ ಪತ್ರ ಬಂದು ನಾಲ್ಕು ದಿನವಾಯಿತು. ಹೇಗಿದ್ದೀರಿ ಎಂದು ಕೇಳುವ ಮುಖ ನನಗಿಲ್ಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಮೂರು ಮೂರು ಸಲ ಎದ್ದು ನೋಡುತ್ತೀರಂತೆ. ಮೊಮ್ಮಗಳನ್ನು ಒಬ್ಬರೇ ನೋಡಿಕೊಳ್ಳಲು ಹೆದರಿ ಮಗಳಿಗೆ ಏನೇನೋ ನೆಪ ಹೇಳುತ್ತೀರಂತೆ. ಬರುವ ಗುರುವಾರ ಮರೆವಿನ ಡಾಕ್ಟರ ಹತ್ತಿರ ಹೋಗುತ್ತೀರಂತೆ. "ನನ್ನ ಅಮ್ಮನಿಗೂ ಹೀಗೇ ಶುರುವಾಗಿದ್ದು ಕಣೇ" ಎಂದು ಬರೆದಿದ್ದೀರಿ. ಆ ಸಾಲು ಓದಿ ಪತ್ರ ಮಡಚಿಟ್ಟೆ. ಮತ್ತೆ ತೆಗೆದೆ. ನಾಲ್ಕು ದಿನವೂ ಇದೇ ಆಯಿತು.

ನೀವು ಹಕ್ಕಿಗಳನ್ನು ನೋಡಿಕೊಳ್ಳುತ್ತಿದ್ದ ಪ್ರಯೋಗಾಲಯದಲ್ಲಿ ಈಗ ಪಾರಿವಾಳಗಳು ಮಾತ್ರ ಇವೆ. ಅವುಗಳನ್ನು ಚಿತ್ರೀಕರಿಸುವುದರಲ್ಲಿ ಕಷ್ಟವೇನಿಲ್ಲ. ರೆಕ್ಕೆ ಕೆಳಗೆ ಬಡಿದಾಗ ಮೈ ಏಳುತ್ತದೆ, ಮೇಲೆತ್ತುವಾಗ ಸುಮ್ಮನೆ ಮಡಚಿಕೊಳ್ಳುತ್ತದೆ. ನಮ್ಮ ಚಿಟಿಕೆ ಹಾಗಿರಲಿಲ್ಲ. ಹೆಬ್ಬೆರಳಿನಷ್ಟೂ ಇಲ್ಲದ ಹಮ್ಮಿಂಗ್‌ಬರ್ಡ್, ಸೆಕೆಂಡಿಗೆ ಐವತ್ತು ಸಲ ರೆಕ್ಕೆ ಬೀಸುತ್ತಾ ಗಾಳಿಯಲ್ಲಿ ಒಂದೇ ಕಡೆ ನಿಲ್ಲುತ್ತಿತ್ತು. ನಾನು ಅದರ ಹಾರಾಟವನ್ನು ನಿಧಾನ ಮಾಡಿ ಪರದೆಯ ಮೇಲೆ ತೋರಿಸಿದ ದಿನ ನೆನಪಿದೆಯೇ? ರೆಕ್ಕೆ ಮುಂದೆ ಹೋಗಿ, ಭುಜದ ಬಳಿ ಮಗುಚಿಕೊಂಡು, ಹಿಂದೆ ಬರುವಾಗಲೂ ಗಾಳಿಯನ್ನು ಒತ್ತುತ್ತಿತ್ತು. ಇಂಗ್ಲಿಷಿನ ಎಂಟನ್ನು ಅಡ್ಡ ಮಲಗಿಸಿದ ಹಾಗೆ ಅದರ ದಾರಿ. ನೀವು ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟು, "ಅಯ್ಯೋ, ಇದು ಹಾರೋದಲ್ಲ, ನೀರಲ್ಲಿ ಮುಳುಗದ ಹಾಗೆ ಕೈ ಆಡಿಸೋದು" ಎಂದಿರಿ. ಪ್ರೊಫೆಸರು ಆ ಮಾತನ್ನು ತಮ್ಮ ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡರು, ನಿಮ್ಮ ಹೆಸರು ಹೇಳದೆ.

ವಿಷಯಕ್ಕೆ ಬರುತ್ತೇನೆ.

ಆ ಭಾನುವಾರ ಸಂಜೆ ನೀವು ಮನೆಗೆ ಹೋದ ಮೇಲೆ ನಾನು ಚಿತ್ರ ತೆಗೆಯುತ್ತಿದ್ದೆ. ಹೀಟರಿನ ಬಿಸಿಗಾಳಿಗೆ ಚಿತ್ರ ಅಲುಗುತ್ತದೆಂದು ಅದನ್ನು ಆರಿಸಿದೆ. ಮತ್ತೆ ಹಾಕುವುದನ್ನು ಮರೆತೆ. ಮರೆತವಳು ನಾನು, ಅಕ್ಕ.

ಸೋಮವಾರ ಏಳು ಗಂಟೆಗೆ ಬಂದಾಗ ಕೋಣೆ ಹಿಮವಾಗಿತ್ತು. ಚಿಟಿಕೆ ಕೋಲಿನ ಮೇಲೆ ಕೊಕ್ಕು ಮೇಲೆತ್ತಿ ಕೂತಿತ್ತು. ಮುಟ್ಟಿದರೆ ತಣ್ಣಗೆ, ಸೆಟೆದುಕೊಂಡಿತ್ತು. ಕಿವಿಗೆ ಹಿಡಿದೆ, ಏನೂ ಕೇಳಲಿಲ್ಲ. ಚಳಿಗೆ ಈ ಹಕ್ಕಿಗಳು ಎದೆಬಡಿತವನ್ನೇ ಇಳಿಸಿಕೊಂಡು ಕಲ್ಲಿನಂತೆ ಮಲಗುತ್ತವೆ, ಬೆಚ್ಚಗಾದರೆ ಅರ್ಧ ಗಂಟೆಯಲ್ಲಿ ನಡುಗುತ್ತಾ ಏಳುತ್ತವೆ ಎಂದು ನೀವೇ ನನಗೆ ಹೇಳಿದ್ದಿರಿ. ಆ ಗಾಬರಿಯಲ್ಲಿ ಒಂದೂ ಹೊಳೆಯಲಿಲ್ಲ. ಸತ್ತ ಹಕ್ಕಿಯನ್ನು ಕೂಡಲೇ ಫ್ರೀಜರಿಗೆ ಇಡಬೇಕೆಂಬ ನಿಯಮ ಮಾತ್ರ ಹೊಳೆಯಿತು. ರೆಕ್ಕೆ ಮಡಚಿ, ಚೀಲದಲ್ಲಿ ಹಾಕಿ, ಇಟ್ಟೆ. ಆಮೇಲೆ ಹೀಟರ್ ಹಾಕಿದೆ.

ಮಧ್ಯಾಹ್ನ ಪ್ರೊಫೆಸರು ಹಕ್ಕಿಯನ್ನು ಅಳತೆಗೆಂದು ತರಲು ಹೇಳಿದರು. ಚೀಲ ತೆಗೆದಾಗ ಎರಡೂ ರೆಕ್ಕೆ ಬಿಚ್ಚಿಕೊಂಡಿದ್ದವು. ಉಗುರುಗಳು ಪ್ಲಾಸ್ಟಿಕ್ಕಿಗೆ ಸಿಕ್ಕಿಕೊಂಡಿದ್ದವು.

ರೆಕ್ಕೆಗಳನ್ನು ಮತ್ತೆ ಮಡಚಿ, ಒಳಗೆ ಒಯ್ದು ಕೊಟ್ಟೆ.

ಬಾಟಲಿಯಲ್ಲಿ ಸಕ್ಕರೆ ನೀರಿಲ್ಲ, ಹಕ್ಕಿ ಹಸಿದು ಸತ್ತಿದೆ ಎಂದು ಅವರು ನಿಮ್ಮನ್ನು ಬೈಯುವಾಗ ನಾನು ಕ್ಯಾಮೆರಾದ ವೈರು ಸುತ್ತುತ್ತಾ ನಿಂತಿದ್ದೆ. "ತುಂಬಿಸಿದ್ದೆ ಸಾರ್, ತುಂಬಿಸಿದ್ದೆ" ಎಂದಿರಿ. ಎರಡನೆಯ ಸಲ ಹೇಳುವಾಗಲೇ ನಿಮ್ಮ ದನಿ ಸಣ್ಣಗಾಗಿತ್ತು. ಹನ್ನೊಂದು ವರ್ಷದ ಕೆಲಸ, ವಾರದೊಳಗೆ ಹೋಯಿತು. ಬಸ್ ಸ್ಟಾಪಿನಲ್ಲಿ ನೀವು ನನ್ನ ಕೈ ಹಿಡಿದು, "ನಾನೇ ಮರೆತೆನೋ ಏನೋ, ಬಿಡು" ಎಂದಾಗಲೂ ನಾನು ಬಾಯಿ ಬಿಡಲಿಲ್ಲ.

ಶುಕ್ರವಾರ ಪ್ರೊಫೆಸರ ಕೋಣೆಗೆ ಹೋಗಿ ಹೀಟರಿನ ವಿಷಯ, ಫ್ರೀಜರಿನ ವಿಷಯ ಹೇಳಿದೆ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ವರ್ಷದ ಮೇಲಾಯ್ತಲ್ಲಮ್ಮಾ, ಈಗ್ಯಾಕೆ?" ಎಂದರು. ಆಮೇಲೆ, "ಹೇಗೂ ಬಾಟಲಿ ಖಾಲಿ ಇತ್ತಲ್ಲ, ಅವರದ್ದೂ ತಪ್ಪಿದೆ" ಎಂದರು. ನಾನು ಎದ್ದು ಬಂದೆ.

ನನ್ನ ತಪ್ಪನ್ನು ಬರೆದು ಸಹಿ ಹಾಕಿದ ಹಾಳೆಯೊಂದನ್ನು ಇದರ ಜೊತೆ ಇಟ್ಟಿದ್ದೇನೆ. ಯಾರಿಗೆ ಬೇಕಾದರೂ ತೋರಿಸಿ. ಕ್ಷಮಿಸಿ ಎಂದು ಕೇಳುವುದಿಲ್ಲ.

ನಿಮ್ಮ
ಕ್ಯಾಮೆರಾ ಹುಡುಗಿ

ತಾ.ಕ.: ಲಕೋಟೆ ಅಂಟಿಸಿ ಅಂಚೆ ಡಬ್ಬದ ತನಕ ಹೋಗಿ ವಾಪಸು ಬಂದೆ. ಹರಿದು ಇದನ್ನು ಬರೆಯುತ್ತಿದ್ದೇನೆ. ಸಹಿ ಹಾಕಿದ ಹಾಳೆಯಲ್ಲೂ ಇದಿಲ್ಲ. ಆ ಬೆಳಿಗ್ಗೆ ಬಾಟಲಿಯಲ್ಲಿ ಮುಕ್ಕಾಲು ಪಾಲು ಸಕ್ಕರೆ ನೀರಿತ್ತು. ಚಳಿಗೆ ಸತ್ತಿತೆಂದರೆ ಹೀಟರಿನ ಮಾತು ಬರುತ್ತದೆಂದು ಹೆದರಿ, ನೀವು ಬರುವ ಮೊದಲೇ ಸಿಂಕಿಗೆ ಸುರಿದು, ತಳದಲ್ಲಿ ಒಂದು ಹನಿ ಉಳಿಸಿ, ಮತ್ತೆ ಅಲ್ಲೇ ತೂಗುಹಾಕಿದವಳು ನಾನು. ನಾಳೆ ಪ್ರೊಫೆಸರಿಗೂ ಬರೆದು ಕೊಡುತ್ತೇನೆ. ಗುರುವಾರ ಡಾಕ್ಟರಿಗೆ ಇದನ್ನು ತೋರಿಸಿ. ಅದಕ್ಕೂ ಮೊದಲು ಮಗಳಿಗೆ ಓದಿ ಹೇಳಿ. ನೀವು ಮರೆತಿರಲಿಲ್ಲ, ಅಕ್ಕ.